ಜವರಯ್ಯನ ಹೊಲದ ಗಂಟುಗಳು

ಜೂನ್ 9, 1971, ಬುಧವಾರ

ಬೆಂಗಳೂರಿನ ಪೊಟ್ಟಣ ಕೊನೆಗೂ ಕೈಸೇರ್ತು. ಪಿರಿಯಾಪಟ್ಟಣದ ಆಫೀಸಲ್ಲಿ ಇಸ್ಕೊಂಡು, ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡೇ ಹಾರನಹಳ್ಳಿಗೆ ತಂದೆ. ನೋಡೋಕೆ ಕರೀ ಪುಡಿ. ಒಳಗಿರೋದು ಜೀವಾಣು — ಬಿಸಿಲು ತಾಗಿದ್ರೆ ಸಾಯ್ತವೆ. ನೀರಿನ ಗಡಿಗೆ ಪಕ್ಕ ಒದ್ದೆ ಬಟ್ಟೆ ಹೊದಿಸಿಟ್ಟೆ. ಸುನಂದ ನಕ್ಕಳು. "ನಾನು ಬಾಣಂತಿ ಆದಾಗ್ಲೂ ಇಷ್ಟು ಉಪಚಾರ ಕಾಣ್ಲಿಲ್ಲ." ಹೆಂಡತಿ ಹೇಳಿದ್ದು ನಿಜ ತಾನೆ.

ಜೂನ್ 13

ಜವರಯ್ಯನವರ ಹೊಲ. ಒಂದೆಕರೆ ಸೋಯಾ ಅವರೆ — ಈ ಕಡೆ ಯಾರೂ ಹಾಕಿಲ್ಲದ ಬೆಳೆ. ಅರ್ಧಕ್ಕೆ ಪುಡಿ ಹಚ್ಚಿದ ಬೀಜ, ಅರ್ಧಕ್ಕೆ ಬರೀ ಬೀಜ. ಅವರ ಮನೆಯವರು ಪುಟ್ಟತಾಯಮ್ಮ ಪುಡಿ ಬೀಜಕ್ಕೆ ಅಂಟಲಿ ಅಂತ ಬೆಲ್ಲದ ಪಾಕ ಕಾಸಿ ಕೊಟ್ರು. ಆರೋತನಕ ಕಾದು, ನೆರಳಲ್ಲೇ ಮೆತ್ತಿದೆ. ಕೈಯೆಲ್ಲ ಮಸಿ.

ಪಕ್ಕದ ಎರಡೆಕರೆ ಹೊಗೆಸೊಪ್ಪೇ ಅವರ ಸಂಸಾರ ನಡೆಸೋದು. ಅದಕ್ಕೇ ಜವರಯ್ಯ ಮೊದಲೇ ಹೇಳಿಬಿಟ್ರು: "ನನ್ ಒಗೆಸೊಪ್ಗೆ ಏನಾರಾ ಆಯ್ತೋ, ನಿಮ್ ಸೈಕಲ್ನ ಈ ಊರೊಳಕ್ಕೆ ಬುಡಾಕಿಲ್ಲ ಕಣ್ರೀ ಸೇವಕ್ರೇ."

ಬೇಸಾಯ ಹೇಳಿಕೊಡೋ ಗ್ರಾಮಸೇವಕ ನಾನು, ಒಪ್ಪಿದೆ. ಒಪ್ಪದೆ ಏನು ಮಾಡ್ಲಿ...

ಜುಲೈ 18

ಐದು ವಾರ ಬೇರೆ ಊರುಗಳ ಸುತ್ತಾಟ. ಇವತ್ತು ಹೋದ್ರೆ — ಜವರಯ್ಯ ಪುಡಿ ಹಾಕಿದ ಕಡೆ ಗಿಡ ಕೀಳ್ತಾ ಇದ್ದಾರೆ. ನಾಲ್ಕು ಸಾಲು ಆಗಲೇ ಖಾಲಿ.

"ಗಂಟುರೋಗ ಕಣ್ರೀ. ನಿಮ್ ಪುಡಿ ಬಿದ್ ಕಡೆ ಬೇರ್ನಾಗೆಲ್ಲ ಗಂಟು. ಇಲ್ದಿರೋ ಕಡೆ ನುಣ್ಣಗದೆ. ಒಗೆಸೊಪ್ಗೆ ಅಂಟ್ಕೊಂಡ್ರೆ ನಾನ್ ಎಲ್ಗೋಗ್ಲಿ?"

ರೇಗಿತು. ಆದ್ರೆ ಅವರದೇನು ತಪ್ಪು? ಹೋದ ವರ್ಷ ಹೊಗೆಸೊಪ್ಪಿನ ಬೇರಿಗೆ ಹುಳ ಬಿದ್ದು, ಗಂಟುಕಟ್ಟಿ, ಅರ್ಧ ಎಕರೆ ಹಾಳಾಗಿತ್ತು. ಗಂಟು ಕಂಡ್ರೆ ಕೀಳಿ ಅಂತ ಹೇಳ್ಕೊಟ್ಟವನೇ ನಾನು. ಈ ಸಲ ಪಾಕ ಹೇಳಿದೆ, ನೆರಳು ಹೇಳಿದೆ, ಇದಕ್ಕೆ ಗಂಟು ಬರ್ಲೇಬೇಕು ಅನ್ನೋದೊಂದು ಬಿಟ್ಟೆ. ದಡ್ಡ ನಾನು.

ಒಂದು ಗಂಟು ಉಗುರಲ್ಲಿ ಸೀಳಿ ತೋರಿಸಿದೆ. ಒಳಗೆ ಕೆಂಪಗೆ. ಇದು ಹುಳದ್ದಲ್ಲ, ಪುಡಿಯ ಜೀವಾಣು ಕಟ್ಟಿದ್ದು, ಗಾಳೀಲಿರೋ ಗೊಬ್ಬರ ಹಿಡಿದು ಗಿಡಕ್ಕೆ ಕೊಡುತ್ತೆ ಅಂದೆ.

ಜವರಯ್ಯ ಹೆಂಡತಿ ಮುಖ ನೋಡಿದ್ರು. "ಗಾಳೀನಾಗೆ ಗೊಬ್ರವಂತೆ ಕಣಮ್ಮಿ."

"ಇಪ್ಪತ್ ದಿನ ಬುಡಿ," ಅಂದ್ರು ಪುಟ್ಟತಾಯಮ್ಮ. "ಸೊರಗಿದ್ರೆ ನಾನೇ ಕಿತ್ತಾಕ್ತೀನಿ."

ಆಗಸ್ಟ್ 8

ರಸ್ತೆಯಿಂದಲೇ ಕಾಣ್ತು. ಒಂದೇ ಹೊಲ, ಎರಡು ಬಣ್ಣ. ಬರೀ ಬೀಜದ ಕಡೆ ಹಳದಿ. ಪುಡಿ ಕಡೆ ಕಡುಹಸಿರು. ಜವರಯ್ಯ ಒಂದು ಗಿಡ ಹಿಡ್ಕೊಂಡು ಪಕ್ಕದ ಹೊಲದವರಿಗೆ ಪಾಠ ಮಾಡ್ತಿದ್ರು: "ಗಂಟು ಅಂತ ಎದ್ರುಬ್ಯಾಡ್ರಲಾ. ಗಂಟಿದ್ರೇನೇ ಬೆಳೆ." ನನ್ನ ಹೆಸರೇ ಇಲ್ಲ. ಇರ್ಲಿ ಬಿಡು. ಬಹಳ ಸಂತೋಷವಾಯ್ತು. ಊಟ ಅಲ್ಲೇ — ಮುದ್ದೆ, ಉಪ್ಸಾರು. ಬೇಡ ಅಂದ್ರೂ ಇನ್ನೊಂದು ಮುದ್ದೆ.

ಆಗಸ್ಟ್ 19, ಸಂಜೆ ನಾಲ್ಕೂವರೆ

ಪುಟ್ಟತಾಯಮ್ಮ ಬದನೆಕಾಯಿ ತಂದುಕೊಟ್ರು. ಸುನಂದ ಕಾಫಿ ಮಾಡಿದ್ಲು. ನಾನು ಬೀಗ್ತಾ ಕೂತಿದ್ದೆ. ಹೊರಡೋವಾಗ ಅಂದ್ರು: "ಯಜಮಾನ್ರಿಗೆ ಬಾಳ ಕುಸಿ ಕಣ್ರೀ. ಒಗೆಸೊಪ್ನಾಗೂ ಎಲ್ಡು ಗಿಡಕ್ಕೆ ಗಂಟು ಬಂದವೆ. ಬುಡ ಕೆದ್ರಿ ನೋಡವ್ರೆ. ನೀವೇಳ್ದಂಗೇ ಕೀಳ್ದಂಗೆ ಬುಟ್ಟವ್ರೆ."

ಕಾಫಿ ನೆತ್ತಿಗೇರ್ತು. ಅದು ಹಳೇ ಹುಳ. ಸೋಯಾಗೆ ಗಂಟು ಒಳ್ಳೇದು, ಹೊಗೆಸೊಪ್ಪಿಗೆ ಈಗಲೂ ಕೆಟ್ಟದ್ದು — ಮತ್ತೆ ಹೇಳಿಲ್ಲ ನಾನು. ಎರಡೇ ಗಿಡ. ಕತ್ತಲಾಗೋದ್ರೊಳಗೆ ಬುಡದ ಮಣ್ಣು ಸಮೇತ ತೆಗೆದ್ರೆ ಉಳಿದದ್ದು ಉಳಿಯುತ್ತೆ. ಸೈಕಲ್ ಟೈರಲ್ಲಿ ಗಾಳಿ ಇಲ್ಲ, ಸುನಂದ ಪಂಪು ಹುಡುಕ್ತಿದ್ದಾಳೆ, ಅಷ್ಟರಲ್ಲಿ ಇಷ್ಟು ಬರೆದೆ. ಪುಟ್ಟತಾಯಮ್ಮ ಕ್ಯಾರಿಯರ್ ಮೇಲೆ ಕೂರ್ತಾರಂತೆ. ಪಂಪು ಸಿಕ್ತು, ಹೊರ—