ಜ್ಯೋತಿಬಾನ ಟ್ರೇಲರಿನ ವಾಯರು

ಡಿಸೆಂಬರ್ ೧೪, ಭಾನುವಾರ. ದಾಂಡೇಲಿ.

ಜ್ಯೋತಿಬಾನ ಜೀಪಿನ ಡೈನಮೋ ಸುಟ್ಟಿತು. ಸುಡಲಿ. ನಾವಿಬ್ಬರೂ ಪಾಲುದಾರರಾಗಿದ್ದಾಗಲೇ ಬಡಕೊಂಡಿದ್ದೆ: ಪ್ರವಾಸಿಗರು ಮಲಗುವ ಟ್ರೇಲರಿನ ಲಿಥಿಯಂ ಬ್ಯಾಟರಿಗೆ ಜೀಪಿನಿಂದ ನೇರ ವಾಯರು ಎಳೆಯಬೇಡ, ಅದು ಸಿಕ್ಕಷ್ಟೂ ಕರೆಂಟು ಹೀರುತ್ತದೆ, ನಡುವೆ ಕರೆಂಟನ್ನು ಹಿಡಿತದಲ್ಲಿಡುವ ಒಂದು ಚಾರ್ಜರ್ ಇರಲಿ ಎಂದು. ಗಿರಾಕಿಗಳ ಎದುರೇ ನಕ್ಕಿದ್ದ. ಆಮೇಲೆ ಆ ಗಿರಾಕಿಗಳನ್ನೆಲ್ಲ ಎಳೆದುಕೊಂಡು ಬೇರೆಯಾದ.

ಇವತ್ತು ಜೋಯಿಡಾ ದಾರಿಯಿಂದ ಅವನದೇ ಫೋನು. "ಶೈಲಾಬಾಯಿ, ಗಾಡಿ ನಿಂತಬಿಟ್ಟೈತಿ, ಫ್ರಿಜ್ಜೂ ಬಂದ್ ಆಗೇತಿ. ಒಳಗ ಮಂದಿ ಅದಾರ. ಹೆಂಗರ ಮಾಡಿ ಬರ್ರಿ."

ಹೋದೆ. ಅವನ ಟ್ರೇಲರನ್ನು ನನ್ನ ಜೀಪಿಗೆ ಕಟ್ಟಿ, ನನ್ನ ಚಾರ್ಜರಿನ ವಾಯರನ್ನೂ ಜೋಡಿಸಿದೆ. ಎಳೆಯುತ್ತ ಹೊರಟಂತೆ ಬ್ಯಾಟರಿ ತುಂಬತೊಡಗಿ, ಫ್ರಿಜ್ಜು ಮತ್ತೆ ಶುರುವಾಯಿತು. ಅವನು "ತಪ್ಪಾತು" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಮುಂದಿನ ಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಗಿರಾಕಿಗಳಿಗೆ ಹೇಳುತ್ತಿದ್ದ: "ಇದೂ ನಮ್ಮದ ಜೀಪ್ ರೀ. ಆಕಿ ನಮ್ಮ ಡ್ರೈವರ್."

ಚಹಾ ಕುಡಿದು ಮುಗಿಸಿದೆ. ಹಿಂದೆ ಹೋಗಿ ವಾಯರು ಕಿತ್ತೆ.

ಮೌಳಂಗಿ ತಲುಪುವಷ್ಟರಲ್ಲಿ ಫ್ರಿಜ್ಜು ಮತ್ತೆ ಬಂದ್, ಗಿರಾಕಿಗಳ ಊಟಕ್ಕೆಂದು ಅದರಲ್ಲಿಟ್ಟ ಮೀನು ನಾರುತ್ತಿತ್ತು. "ಏನಾತ್ರಿ ಇದು?" ಎಂದ, ಎಲ್ಲರೆದುರು.

"ನನಗೇನ್ ಗೊತ್ರೀ ಮಾಲಕರ," ಅಂದೆ. "ನಾ ಬರೇ ಡ್ರೈವರ್."

ಅವನ ಮುಖ ಕಪ್ಪಿಟ್ಟಿತು. ಆದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ನಾಳೆ ಚಾರ್ಜರ್ ಕೇಳಲು ಫೋನು ಮಾಡುತ್ತಾನೆ. ಎತ್ತುವುದಿಲ್ಲ. ಆದರೆ ಫೋನನ್ನು ಈಗಲೇ ಚಾರ್ಜಿಗೆ ಹಾಕಿದ್ದೇನೆ. ದಿನವಿಡೀ ಹೊಡೆದುಕೊಳ್ಳಲಿ, ನಾನು ಎದುರಿಗೇ ಕೂತು ಕೇಳುತ್ತಿರುತ್ತೇನೆ.