ನಸುಕಿನಲ್ಲಿ ಒಗೆದ ಲುಂಗಿ

ಬಾಲುಚರ, ಮೇಘನಾ ನದಿಯ ದಂಡೆ
ಸೋಮವಾರ

ನನ್ನ ಕಣ್ಮಣಿ ಶಾಹಾನಾರಾ,

ಅಲ್ಲಾಹ್ ನಿನ್ನನ್ನು ಸುಖವಾಗಿಟ್ಟಿರಲಿ. ಇಂದು ಸೋಮವಾರದ ಉಪವಾಸ. ಬಾತುಗಳನ್ನು ಬಿಟ್ಟು, ಅಂಗಳ ಸಾರಿಸಿ, ನಿನ್ನ ಅಪ್ಪನಿಗೆ ಗಂಜಿ ಕೊಟ್ಟು ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಬಾರದು. ಅಪ್ಪನಿಗೆ ಜ್ವರವಿತ್ತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಜ್ವರವಲ್ಲ, ಕಾಲರಾ. ಉಪ್ಪು ಬೆಲ್ಲದ ನೀರು ಕುಡಿಸಿ ಕುಡಿಸಿ ಉಳಿಸಿಕೊಂಡೆ.

ಊರಲ್ಲಿ ಯಾರಿಗೂ ಹೇಳಲಿಲ್ಲ. ಕೊಳದ ಮೆಟ್ಟಿಲ ಮೇಲೆ ನಾನು ಕೊಚ್ಚಿಕೊಂಡದ್ದೇನು ಕಡಿಮೆಯೇ? "ನನ್ ಮಗಳು ಪೇಟೇಲಿ ಆ ಕಾಲರಾ ಹುಳದ್ ಬಗ್ಗೆನೇ ಓದ್ತಾಳೆ, ನಮ್ಮನೆ ಹೊಸ್ಲು ದಾಟೋ ಧೈರ್ಯ ಅದಕ್ಕಿದ್ಯಾ?" ಆ ಮಾತು ಉಳಿಸಿಕೊಳ್ಳಲು ಅಪ್ಪನ ಲುಂಗಿಯನ್ನು ನಸುಕಿನಲ್ಲೇ, ಯಾರೂ ಏಳುವ ಮೊದಲು, ಕೊಳದಲ್ಲಿ ಒಗೆದೆ.

ಈದ್‌ಗೆ ಬಂದಾಗ ನೀನು ಮೀನು ಹೆಚ್ಚುತ್ತಾ ಹೇಳಿದ್ದು ಮರೆತಿರಲಿಲ್ಲ. ನೀರಲ್ಲಿ ಆ ಹುಳ ಸಾಧುವಾಗಿರುತ್ತದೆ, ಹೊಟ್ಟೆ ಸೇರಿದ್ದು ತಿಳಿದೊಡನೆ ಅದರೊಳಗಿನ ಜೀನುಗಳು ಎದ್ದು ವಿಷ ಮಾಡಿಸುತ್ತವೆ ಎಂದಿದ್ದೆ. "ಓ, ನಿನ್ ಅತ್ತಿಗೆ ಥರ. ತವರಲ್ಲಿ ಬೆಕ್ಕು, ಇಲ್ಲಿ ಹುಲಿ" ಎಂದು ನಾನು ನಕ್ಕೆ. ನೀನು ನಗಲಿಲ್ಲ. "ಅಮ್ಮಾ, ಆಗಷ್ಟೇ ಹೊಟ್ಟೆಯಿಂದ ಬಿದ್ದಿದ್ದು ಇನ್ನೂ ಹುಲೀನೇ. ಬೆಕ್ಕಾಗೋಕೆ ಹೊತ್ತು ಹಿಡಿಯುತ್ತೆ. ಕುದಿಸ್ದೆ ಬಟ್ಟೆ ನೀರಿಗೆ ಹಾಕ್ಬೇಡ" ಎಂದೆ.

ಗೊತ್ತಿದ್ದೂ ಹಾಕಿದೆ. ಸರ್ಕಾರದವರು ಬಂದು ಕೈಪಂಪಿನ ನೀರಲ್ಲಿ ಆರ್ಸೆನಿಕ್ ವಿಷವಿದೆಯೆಂದು ಅದಕ್ಕೆ ಕೆಂಪು ಬಣ್ಣ ಬಳಿದು ಹೋದಾಗಿನಿಂದ ಎಲ್ಲರಿಗೂ ಆ ಕೊಳವೇ ಗತಿ. ಅಂದು ಬೆಳಿಗ್ಗೆಯೇ ಪಕ್ಕದ ಮನೆ ಕೊಹಿನೂರ್ ಭಾಬಿಯ ಬಸುರಿ ಸೊಸೆ ರೆಬೇಕಾ ಅಲ್ಲಿಂದ ಕೊಡ ತುಂಬಿಕೊಂಡು ಹೋದಳು. ಮರುದಿನ ಅವಳನ್ನು ದೋಣಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ಅವಳು ಉಳಿದಳು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

ಊರೆಲ್ಲ, ದೋಣಿಯಲ್ಲೇ ಬದುಕುತ್ತ ಬಳೆ ಮಾರುವ ಮಾಲೇಕಾಳ ಮೇಲೆ ಬಿತ್ತು. "ನೀರಲ್ಲೇ ಹುಟ್ಟಿ ನೀರಲ್ಲೇ ಹೇಲೋ ಜನ! ಎತ್ತೇ ನಿನ್ ಲಂಗರು!" ಎಂದು ಕೊಹಿನೂರ್ ಕೂಗಿದಳು. ಮಾಲೇಕಾ ನನ್ನತ್ತ ತಿರುಗಿ, "ಬೂಬು, ನನ್ನಕ್ಕಾ, ನೀನಾದ್ರೂ ಹೇಳು. ಆ ಕೊಳಕ್ಕೆ ನಾನು ಕಾಲೇ ಇಟ್ಟಿಲ್ಲ" ಎಂದಳು.

ನಾನು ಸೆರಗು ಎಳೆದುಕೊಂಡು ಬಾತುಗಳನ್ನು ಕರೆಯುತ್ತ ಹೋಗಿಬಿಟ್ಟೆ.

ಐದು ಹೊತ್ತೂ ಹಣೆಯನ್ನು ನೆಲಕ್ಕಿಡುತ್ತೇನೆ, ಮಗಳೇ. ಎತ್ತಲು ಮುಖವಿಲ್ಲ.

ನಿನ್ನ ಪಾಪಿ ಅಮ್ಮ,
ಜೊಹರಾ

ಇನ್ನೊಂದು ಮಾತು: ಈ ಕಾಗದ ತಂದವಳೇ ಮಾಲೇಕಾ. ಲಂಗರು ಎತ್ತಿ ನಿಮ್ಮ ಪೇಟೆಯ ಕಡೆ ಹೊರಟವಳು, "ಮಗಳಿಗೆ ಏನಾದ್ರೂ ಕಳ್ಸೋದಿದ್ಯಾ ಬೂಬು?" ಎಂದು ತಾನಾಗಿ ಕೇಳಿದಳು. ಅವಳಿಗೆ ಓದು ಬಾರದು. ಕೂರಿಸಿ, ಊಟ ಹಾಕಿ, ಇದನ್ನು ಒಂದಕ್ಷರವೂ ಬಿಡದೆ ಓದಿ ಹೇಳು. ಆಮೇಲೂ ಅವಳು ಈ ಕಡೆ ಬರಲು ಒಪ್ಪಿದರೆ ನಿನ್ನ ಉತ್ತರವನ್ನು ಅವಳೇ ತರಲಿ. ನಾನು ಮಾಡಿದ್ದನ್ನು ಅದರಲ್ಲಿ ಮುಚ್ಚದೆ ಬರೆ. ಕೊಳದ ಮೆಟ್ಟಿಲ ಮೇಲೆ, ಎಲ್ಲರೆದುರು, ನಾನೇ ಅದನ್ನು ಗಟ್ಟಿಯಾಗಿ ಓದುತ್ತೇನೆ.