ನೀವು ಅಳೆದದ್ದು ನನ್ನ ಕೈಚೀಲವನ್ನು

ವಿಕಿರಣ ಮಾಪನ ಕಚೇರಿಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನಗೆ ಮದುವೆಯಾಗಿ ನಾಲ್ಕು ತಿಂಗಳಾಯಿತು, ನನ್ನ ಗಂಡ ಜಗತ್ತಿನಲ್ಲೇ ಅತ್ಯಂತ ಒಳ್ಳೆಯ ಗಂಡ, ಮತ್ತು ಮೂರು ತಿಂಗಳು ಎಕ್ಸ್‌ರೇ ಯಂತ್ರದ ಪಕ್ಕ ನಿಂತರೂ ಅವರ ಮೈಗೆ ಚೂರೂ ವಿಕಿರಣ ತಗುಲಿಲ್ಲವೆಂದು ತಾವೇ ಸಹಿ ಹಾಕಿ ಕಳಿಸಿದ್ದೀರಿ! ಇಷ್ಟು ಸಂತೋಷವನ್ನು ಒಬ್ಬಳೇ ಹೇಗೆ ತಡೆದುಕೊಳ್ಳಲಿ? ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಒಂದೇ ತಕರಾರು: ನೀವು ಅಳೆದದ್ದು ನನ್ನ ಗಂಡನನ್ನಲ್ಲ, ನನ್ನ ಕೈಚೀಲವನ್ನು.

ಉಕ್ಕಿನ ಕೊಳವೆಗಳ ಬೆಸುಗೆಯೊಳಗೆ ಬಿರುಕಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುವುದು ಅವರ ಕೆಲಸ. ಎದೆಯ ಮೇಲೆ ಬ್ಯಾಡ್ಜ್ ಇರಬೇಕು. ತಗುಲಿದ ವಿಕಿರಣವನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ನೀವು ತರಿಸಿಕೊಂಡು ಓದುತ್ತೀರಿ. ಮಿತಿ ಮೀರಿದರೆ ಆ ಮನುಷ್ಯನನ್ನು ಯಂತ್ರದಿಂದ ದೂರ ಕೂರಿಸಬೇಕು. ಕೂರಿಸಿದರೆ ಕೆಲಸ ನಿಲ್ಲುತ್ತದಲ್ಲ? ಆದ್ದರಿಂದ ಅಲ್ಲಿಯ ರೂಢಿ ಬಲು ಸೊಗಸು. ಬೆಳಿಗ್ಗೆ ಹಾಜರಿ ಹಾಕಿದೊಡನೆ ಅಲ್ಲಿ ಕೆಲಸ ಮಾಡುವ ಒಂಬತ್ತೂ ಜನರ ಬ್ಯಾಡ್ಜುಗಳು ಮೇಲ್ವಿಚಾರಕರ ಮೇಜಿನ ಬಿಸ್ಕತ್ತು ಡಬ್ಬಿಗೆ. ಮನುಷ್ಯರು ಯಂತ್ರದ ಹತ್ತಿರ, ಬ್ಯಾಡ್ಜುಗಳು ಫ್ಯಾನಿನ ಕೆಳಗೆ.

ಮದುವೆಯಾದ ಎರಡನೇ ವಾರ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋಗಿದ್ದೆ.

“ಸಾರ್, ಇವತ್ತು ಅರ್ಧ ದಿನ ಇವರನ್ನ ಕಳಿಸ್ಕೊಡಿ, ಪ್ಲೀಸ್!” ಎಂದೆ.

“ಗಂಡನ್ನ ಕೊಡಕ್ಕಾಗಲ್ಲಮ್ಮ, ಇನ್ನೂ ಹದಿನೆಂಟು ಜಾಯಿಂಟ್ ಬಾಕಿ ಇದೆ,” ಎಂದರು ಮೇಲ್ವಿಚಾರಕರು. “ಬೇಕಿದ್ರೆ ಅವನ ಬ್ಯಾಡ್ಜ್ ಕರ್ಕೊಂಡ್ಹೋಗು. ಅದಕ್ಕೇನೂ ಕೆಲ್ಸ ಇಲ್ಲ.”

“ಅಣ್ಣಂಗಿಂತ ಅದೇ ವಾಸಿ ಅತ್ತಿಗೆ, ಗೊರಕೆ ಹೊಡೆಯಲ್ಲ!” ಎಂದ ನನ್ನವರ ಜೊತೆಯ ಕೆಲಸಗಾರ.

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ಗಂಡನ ಹೆಸರು ಅಚ್ಚಾಗಿದ್ದ ಆ ಬಿಲ್ಲೆಯನ್ನು ನಿಜವಾಗಿಯೂ ಚೀಲಕ್ಕೆ ಹಾಕಿಕೊಂಡೆ. ಅಂಗಡಿ, ಗ್ರಂಥಾಲಯ, ಗೆಳತಿಯರ ಮನೆ, ಎಲ್ಲೆಡೆ ತೋರಿಸಿ ಮೆರೆದೆ. ತಮಗೆ ಕಳಿಸಬೇಕೆಂದು ಮೇಲ್ವಿಚಾರಕರು ಕೇಳಿದಾಗ ಕರವಸ್ತ್ರದಲ್ಲಿ ಒರೆಸಿ ಹಿಂತಿರುಗಿಸಿದೆ. ಹೌದು, ತಪ್ಪು ನನ್ನದೂ ಇದೆ. ಆದರೆ ಅದು ಏನೆಂದೇ ನನಗೆ ಗೊತ್ತಿರಲಿಲ್ಲ. ತಮಗೆ? ವರ್ಷಗಟ್ಟಲೆ ಒಂಬತ್ತು ಜನರಿಗೂ ಸೊನ್ನೆ ಬರುವಾಗ, ಇವರು ಎಕ್ಸ್‌ರೇ ತೆಗೆಯುತ್ತಿದ್ದಾರೋ ಹೂ ಕೀಳುತ್ತಿದ್ದಾರೋ ಎಂಬ ಸಣ್ಣ ಕುತೂಹಲವೂ ಹುಟ್ಟಲಿಲ್ಲವೇ?

ತಮ್ಮ ಸೊನ್ನೆ ಬರುವ ಹೊತ್ತಿಗೆ ನನ್ನ ಗಂಡನ ಬಲಗೈಯ ಮೂರು ಬೆರಳುಗಳು ಊದಿ, ಚರ್ಮ ಸುಲಿಯುತ್ತಿತ್ತು. ಮದುವೆಯ ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆದ. ತಮ್ಮ ಕಚೇರಿಗೆ ಫೋನು ಮಾಡಿದೆ.

“ರೀಡಿಂಗ್ ಸೊನ್ನೆ ಇದೆ ಮೇಡಂ,” ಎಂದರು ತಮ್ಮ ಗುಮಾಸ್ತರು. “ಹೊಸ ಮದುವೆ ಅಂತೀರಾ, ಅಡುಗೆಮನೇಲಿ ಸಹಾಯ ಮಾಡಕ್ಕೋಗಿ ಸುಟ್ಕೊಂಡಿರ್ಬೇಕು.”

“ಅವರಿಗೆ ಸ್ಟವ್ ಹಚ್ಚೋಕೂ ಬರಲ್ಲ. ಆ ಬ್ಯಾಡ್ಜ್ ನನ್ನ ಬ್ಯಾಗಲ್ಲಿತ್ತು!”

“ಬ್ಯಾಡ್ಜ್ ಸುಳ್ಳು ಹೇಳಲ್ಲ ಮೇಡಂ.”

ನಿಜ, ಹೇಳಿಲ್ಲ. ನನ್ನ ಬಾಚಣಿಗೆ, ಲಿಪ್‌ಸ್ಟಿಕ್ ಎರಡೂ ಸುರಕ್ಷಿತ, ಧನ್ಯವಾದಗಳು. ಆದರೆ ಅದೇ ಸೊನ್ನೆಯ ಬಲದಿಂದ ನನ್ನ ಗಂಡ ಕೆಲಸಕ್ಕೆ ಯೋಗ್ಯನೆಂದು ಬರೆದಿದ್ದೀರಿ. ಬುಧವಾರ ಅವರು ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. “ಬಿಡೇ, ಎಡಗೈ ಚೆನ್ನಾಗಿದೆಯಲ್ಲ,” ಎಂದು ನನ್ನನ್ನೇ ಸಮಾಧಾನ ಮಾಡುತ್ತಾರೆ. ಆ ಎಡಗೈಯೂ ಸುಟ್ಟ ಮೇಲೆ ತಮ್ಮ ಗುಮಾಸ್ತರು ಯಾವ ಅಡುಗೆಯ ನೆಪ ಹೇಳುತ್ತಾರೆ?

ಆ ಸೊನ್ನೆಯನ್ನು ಹೊಡೆದುಹಾಕಿ “ಅಳೆದಿಲ್ಲ” ಎಂದು ಬರೆಯಿರಿ. ಅವರ ರಕ್ತ ಪರೀಕ್ಷಿಸಿ, ತಗುಲಿದ್ದೆಷ್ಟೆಂದು ಹೇಳಿ. ಅಲ್ಲಿಯವರೆಗೆ ಅವರನ್ನು ಯಂತ್ರದ ಹತ್ತಿರ ಬಿಡಬೇಡಿ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಆ ಬಿಸ್ಕತ್ತು ಡಬ್ಬಿಯ ಮುಚ್ಚಳ ತೆಗೆಯಿರಿ. ಒಳಗೆ ಉಳಿದ ಎಂಟು ಮನುಷ್ಯರಿದ್ದಾರೆ. ಪತ್ರಕ್ಕೆ ಉತ್ತರ ಬರೆಯುವ ಶ್ರಮ ಬೇಡ. ಕತ್ತರಿಸಿದ ಉಂಗುರವನ್ನೂ ಅದನ್ನು ತೊಡಲಾರದ ಕೈಯನ್ನೂ ನಾನೇ ಕರೆತರುತ್ತಿದ್ದೇನೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಸಂಪೂರ್ಣ ಸುರಕ್ಷಿತವಾದ ಕೈಚೀಲದ ಒಡತಿ,
ಮಂಗಳವಾರ ಬೆಳಿಗ್ಗೆ ಒಂಬತ್ತೂ ನಲವತ್ತರ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುವವಳು